ರೆಕಾರ್ಡಿಗೆ ಬಿದ್ದ ಎಂಟು

ಕಂಪ್ಯೂಟರಿನ ಪರದೆಯನ್ನು ಪೆನ್ಸಿಲಿನಲ್ಲಿ ಬರೆಯುವುದನ್ನು ನೀವು ಎಂದಾದರೂ ನೋಡಿದ್ದೀರಾ? ಶ್ರೀರಂಗಪಟ್ಟಣದ ನಮ್ಮ ಮನೆಯ ಊಟದ ಮೇಜಿಗೆ ಬನ್ನಿ, ತೋರಿಸುತ್ತೇನೆ. ಸಾರಿನ ಪಾತ್ರೆ ಇರಬೇಕಾದಲ್ಲಿ ಸ್ಕೇಲು, ಉಪ್ಪಿನಕಾಯಿ ಇರಬೇಕಾದಲ್ಲಿ ರಬ್ಬರಿನ ಕಸ. ನಡುವೆ ಪಾಂಡವಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವ ನನ್ನ ಮಗಳು ಮೇಧಾ, ಕಣ್ಣುಮಿಟುಕಿಸುವಷ್ಟರಲ್ಲಿ ಪರದೆಯ ಮೇಲೆ ಮೂಡಿ ಮಾಯವಾದ ಉತ್ತರವೊಂದಕ್ಕೆ ಅರ್ಧ ಗಂಟೆಯಿಂದ ಚೌಕಟ್ಟು ಹಾಕುತ್ತಿರುತ್ತಾಳೆ. ಲ್ಯಾಬ್ ರೆಕಾರ್ಡಿನ ಬಲಪುಟದಲ್ಲಿ ಪ್ರೋಗ್ರಾಮು, ಪೆನ್ನಿನಲ್ಲಿ. ಎಡಪುಟದಲ್ಲಿ ಅದರ ಉತ್ತರ, ಪೆನ್ಸಿಲಿನಲ್ಲಿ. ಬರವಣಿಗೆಯ ಕಷ್ಟ ತಪ್ಪಿಸಲೆಂದೇ ಹುಟ್ಟಿದ ಯಂತ್ರದ ಬಗ್ಗೆ ಇಷ್ಟೊಂದು ಬರೆಸುವವರನ್ನು ಏನೆನ್ನಬೇಕೋ ನನಗಂತೂ ತಿಳಿಯದು. ಪ್ರಯೋಗಶಾಲೆ ಎನ್ನುವುದಕ್ಕಿಂತ ಪ್ರಯಾಸಶಾಲೆ ಎಂದಿದ್ದರೆ ಒಪ್ಪುತ್ತಿತ್ತು.

ಫಿಸಿಕ್ಸಿನ ರೆಕಾರ್ಡು ಇದಕ್ಕಿಂತ ಮೇಲು ಅಂದುಕೊಳ್ಳಬೇಡಿ. ಅಲ್ಲಿ ಉತ್ತರ ಎಷ್ಟು ಬರಬೇಕೆಂದು ಪುಸ್ತಕದಲ್ಲಿ ಮೊದಲೇ ಅಚ್ಚಾಗಿರುತ್ತದೆ. ಲೋಲಕ ಪಾಪ ತನ್ನ ಪಾಡಿಗೆ ತಾನು ತೂಗಿದರೂ, ಮಕ್ಕಳು ಉತ್ತರದಿಂದ ಹಿಂದಕ್ಕೆ ನಡೆದು ಅದು ಎಷ್ಟು ಹೊತ್ತು ತೂಗಿರಬೇಕಿತ್ತೆಂದು ನಿರ್ಧರಿಸುತ್ತಾರೆ. ಅಡುಗೆಯಲ್ಲಿ ನಾನು ಹೀಗೆ ಮಾಡಿದರೆ ಹುಳಿಗೆ ಹುಣಸೆಹಣ್ಣೇ ಬೇಕಾಗುತ್ತಿರಲಿಲ್ಲ.

ಆ ಸಂಜೆ ಎರಡೂ ರೆಕಾರ್ಡುಗಳು ಒಟ್ಟಿಗೆ ಮೇಜಿನ ಮೇಲೆ ಬಿದ್ದಿದ್ದವು. ಮರುದಿನ ಸಹಿ. ಸಹಿ ಬೀಳದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಮೇಧಾ ಬಸ್ಸಿಗೆ ಓಡುವ ಅವಸರದಲ್ಲಿ, ಗೋಡೆಯೊಂದರ ವಿಸ್ತೀರ್ಣ ಕಂಡುಹಿಡಿಯುವ ಪ್ರೋಗ್ರಾಮಿನ ಕೊನೆಯ ಸಾಲುಗಳನ್ನು ಬರೆದುಕೊಳ್ಳದೆ ಬಂದಿದ್ದಳು. ಅವಳ ಲ್ಯಾಬಿನ ಜೊತೆಗಾತಿ ಸವಿತಾ ಅರಕೆರೆಯ ಹುಡುಗಿ, ಗದ್ದೆ ಕಬ್ಬು ಇರುವ ಮನೆಯವಳು. ಅವರ ಮನೆಯಲ್ಲಿದ್ದದ್ದು ಬಟನ್ನಿನ ಫೋನು, ಫೋಟೋ ಕಳಿಸುವಂತಿಲ್ಲ. ನಮ್ಮ ಫೋನಿನ ಸ್ಪೀಕರು ಕೆಟ್ಟು ಕಪ್ಪೆಯಂತೆ ವಟಗುಟ್ಟುತ್ತದೆ. ಹೀಗಾಗಿ ನಾನು ಕಿವಿಗೆ ಫೋನು ಹಿಡಿದು ಸವಿತಾ ಹೇಳಿದ್ದನ್ನು ಗಟ್ಟಿಯಾಗಿ ಹೇಳುವುದೆಂದೂ, ಮೇಧಾ ಬರೆಯುವುದೆಂದೂ ಗೊತ್ತಾಯಿತು.

ಇಲ್ಲಿ ನನ್ನ ಇಂಗ್ಲಿಷಿನ ವಿಚಾರ ಸ್ವಲ್ಪ ಹೇಳಬೇಕು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿನ ಸಿಸ್ಟರೊಬ್ಬರು ನಮ್ಮ ತುಟಿಯ ಮುಂದೆ ತೆಳ್ಳನೆಯ ಕಾಗದದ ಚೂರು ಹಿಡಿದು ‘ಹೌಸ್’, ‘ಹಾರ್ಸ್’ ಎನ್ನಿಸುತ್ತಿದ್ದರು. ಕಾಗದ ಅಲುಗಾಡಿದರೆ ಪಾಸು, ಅಲುಗದಿದ್ದರೆ ಮತ್ತೊಮ್ಮೆ. ಮದುವೆಯಾಗಿ ಈ ಸೀಮೆಗೆ ಬಂದು ನೋಡುತ್ತೇನೆ, ‘ಹಾಗೆ’ ಎನ್ನುವುದು ‘ಅಂಗೆ’, ‘ಹೋಗು’ ಎನ್ನುವುದು ‘ಓಗು’. ಯಾರ ಬಾಯಿಯ ಮುಂದೆ ಹಿಡಿದರೂ ಕಾಗದ ಅಲುಗುವಂತಿಲ್ಲ. ನಾನೇನೂ ಯಾರನ್ನೂ ತಿದ್ದಲಿಲ್ಲ, ನಿಜ. ಆದರೆ ಹಕಾರದ ಅಹಂಕಾರವೊಂದು ಒಳಗೆ ಬೆಚ್ಚಗೆ ಕೂತಿತ್ತು.

“ಆಂಟಿ, ಬರ್ಕೊಳಕ್ಕೇಳಿ. ಏರಿಯಾ ಈಕ್ವಲ್ ಟು ಐಟು ಇಂಟು ವಿಡ್ತು” ಎಂದಳು ಸವಿತಾ. ಅವರ ಮನೆಯ ಹಿಂದೆ ಟ್ರಾಕ್ಟರು ಬೇರೆ ಗುಡುಗುತ್ತಿತ್ತು.

“ಎಯ್ಟಾ?” ಎಂದೆ.

“ಊಂ ಆಂಟಿ, ಐಟೇ.”

ಪಾಪದ ಹುಡುಗಿ, ಎಂಟನ್ನು ಐಟು ಅನ್ನುತ್ತಾಳೆ ಎಂದುಕೊಂಡು, ಅದನ್ನು ಶುದ್ಧಗೊಳಿಸಿ ಮಗಳಿಗೆ ‘ಎಯ್ಟ್’ ಎಂದು ಸ್ಫುಟವಾಗಿ ಉಚ್ಚರಿಸಿದೆ. ಮೇಧಾಳ ಕೈ ಕಂಪ್ಯೂಟರ್ ರೆಕಾರ್ಡಿನಲ್ಲಿತ್ತು, ತಲೆ ಲೋಲಕಕ್ಕೆ ಜೋತುಬಿದ್ದಿತ್ತು. ಗೋಡೆಯ ಎತ್ತರ, ಅಂದರೆ ‘ಹೈಟ್’, ಇರಬೇಕಾದ ಜಾಗದಲ್ಲಿ ಅವಳು ದುಂಡಗೆ ಒಂದು ಎಂಟು ಬರೆದಳು. ಎಡಪುಟದಲ್ಲಿ ಐದು ಎತ್ತರ, ನಾಲ್ಕು ಅಗಲದ ಗೋಡೆಗೆ ಇಪ್ಪತ್ತು ಎಂದು ಅಂದವಾಗಿ ಚೌಕಟ್ಟು ಹಾಕಿದಳು. ಬಲಪುಟವನ್ನು ನಂಬಿದರೆ ಅದೇ ಗೋಡೆ ಮೂವತ್ತೆರಡಾಗುತ್ತಿತ್ತು. ಅಮ್ಮ ಮಗಳಿಬ್ಬರೂ ನೋಡಲಿಲ್ಲ. ಅಂದವಾಗಿದ್ದದ್ದನ್ನು ಯಾರು ಓದುತ್ತಾರೆ ಹೇಳಿ!

ಮಾರನೆಯ ಸಂಜೆ ಮೇಧಾ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. ಸವಿತಾ ಹೇಳಿದ್ದು ‘ಎಯ್ಟ್’ ಅಲ್ಲ, ‘ಹೈಟ್’ ಅಂತೆ. ಅವಳ ಅಕ್ಷರ ಚೆನ್ನಾಗಿದೆಯೆಂದು ಕೆ.ಆರ್. ಪೇಟೆಯ ಹುಡುಗಿ, ನಾಗಮಂಗಲದ ಹುಡುಗ, ಇಡೀ ಬ್ಯಾಚೇ ಬೆಳಗ್ಗೆ ಅವಳ ರೆಕಾರ್ಡು ನೋಡಿ ಇಳಿಸಿಕೊಂಡಿತ್ತಂತೆ. ಒಂದು ಹಕಾರದ ತಪ್ಪು ನಾಲ್ಕು ತಾಲ್ಲೂಕಿಗೆ ಹಬ್ಬಿತ್ತು.

“ಎಲ್ಲಾರ್ ಗೋಡೇನೂ ಎಂಟೇ ಅಡಿ ಏನ್ರೋ? ಒಬ್ಬನೇ ಮೇಸ್ತ್ರಿ ಕಟ್ಟವ್ನಾ?” ಎಂದು ಲ್ಯಾಬಿನ ಮೇಡಂ ಗದರಿ, ಆ ಪುಟವನ್ನು ಅಲ್ಲೇ ಮತ್ತೆ ಬರೆಸಿ ಸಹಿ ಹಾಕಿದರಂತೆ. ಸವಿತಾಳಿಗೆ ಮಾತ್ರ ಹಾಕಲಿಲ್ಲವಂತೆ.

“ಅವಳದ್ದು ಸರಿಯಾಗೇ ಇತ್ತಲ್ಲೇ?” ಎಂದೆ ನಾನು.

“ಇತ್ತು ಕಣಮ್ಮ. ಬೆಳಗ್ಗೆ ನನ್ನದು ನೋಡಿ ತನ್ನದನ್ನ ಹೊಡೆದುಹಾಕಿ ಎಂಟು ಬರ್ಕೊಂಡಿದ್ದಾಳೆ. ಮೇಡಂ ಯಾಕೆ ಅಂತ ಕೇಳಿದ್ದಕ್ಕೆ, ‘ಆಂಟಿ ತಿದ್ದವ್ರೆ ಮೇಡಂ, ಅವ್ರು ಕಾನ್ವೆಂಟು’ ಅಂದ್ಬಿಟ್ಟಳು. ಸರಿ ಇದ್ದದ್ದನ್ನ ಹೊಡೆದು ತಪ್ಪು ಬರೆದಿರೋಳಿಗೆ ಏನು ಗೊತ್ತಿರುತ್ತೆ ಅಂತ ಮೇಡಂ ರೆಕಾರ್ಡನ್ನ ಎತ್ತಿಟ್ಟುಬಿಟ್ರು. ಪರೀಕ್ಷೆಗೆ ಕೂರಿಸ್ತಾರೋ ಇಲ್ವೋ ಅಂತ ಬಸ್ಸಿನಲ್ಲಿ ಅಳ್ತಿದ್ದಳು.”

ತಪ್ಪು ಬರೆದವರಿಗೆಲ್ಲ ಸಹಿ; ಸರಿ ಬರೆದವಳೊಬ್ಬಳಿಗೆ ಇಲ್ಲ! ಸಿಟ್ಟು ಯಾರ ಮೇಲೆ ಮಾಡಬೇಕೆಂದು ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಹುಡುಕಾಡಿ, ಪಾತ್ರೆಗಳ ಮೇಲೆ ತೀರಿಸಿಕೊಂಡು, ಕೊನೆಗೆ ಮೇಡಂಗೆ ಫೋನು ಮಾಡಿದೆ. ಸಂಭಾವಿತವಾಗಿ ಇಂಗ್ಲಿಷಿನಲ್ಲೇ ಆರಂಭಿಸಿದೆನಾದರೂ, ‘ಹೈಟ್’ ಹೇಗೆ ‘ಐಟು’ ಆಗಿ ‘ಐಟು’ ಹೇಗೆ ಎಂಟಾಯಿತೆಂಬುದನ್ನು ಇಂಗ್ಲಿಷಿನಲ್ಲಿ ವಿವರಿಸುವುದು ಸಾಧ್ಯವೇ ಇಲ್ಲವೆಂದು ಎರಡನೆಯ ವಾಕ್ಯಕ್ಕೇ ತಿಳಿಯಿತು. ಕನ್ನಡಕ್ಕೆ ಇಳಿದೆ. ಆ ಕಡೆಯಿಂದ ದೊಡ್ಡ ನಗು.

“ಅಯ್ಯೋ ಬುಡಿ ಮೇಡಮ್ಮೋರೆ, ನಾನೂ ಮಾಕವಳ್ಳಿಯೋಳೇ. ನಮ್ಮನೇಲೂ ಐಟೇ. ಆ ಮಗ ಸವಿತಾ ಇಷ್ಟನ್ನ ಬಾಯ್ಬಿಟ್ಟು ಹೇಳಿದ್ರೆ ಅಲ್ಲೇ ಮುಗೀತಿತ್ತು. ನಾಳೆ ಕಳ್ಸಿ, ಎದುರಿಗೆ ಕೂರಿಸ್ಕೊಂಡು ಕೇಳ್ತೀನಿ.”

ಮರುದಿನ ಮಧ್ಯಾಹ್ನ ನಾನು ಹಪ್ಪಳ ಕರಿಯುತ್ತಿದ್ದಾಗ ಫೋನು ಬಂತು. ಕಾಲೇಜಿನ ಗದ್ದಲದ ನಡುವೆ ಒಂದು ಸಣ್ಣ ದನಿ, ಒಂದೊಂದು ಅಕ್ಷರವನ್ನೂ ಕಷ್ಟಪಟ್ಟು ಎತ್ತಿಡುತ್ತ ಮಾತಾಡಿತು.

“ಹಾಂಟಿ, ಸವಿತಾ. ಸೈನ್ ಹಾಯ್ತು. ಹೆಲ್ಲಾ ಹುತ್ರ ಹೇಳ್ದೆ.”

ನಗು ಬಂತು, ಒಲೆ ಆರಿಸಿ ಫೋನನ್ನು ಕಿವಿಗೆ ಒತ್ತಿಕೊಂಡೆ. ನನಗೆ ಅರ್ಥವಾಗಲೆಂದು ಆ ಹುಡುಗಿ ಇಲ್ಲದ ಕಡೆಯೆಲ್ಲ ಹಕಾರ ತಂದು ಸುರಿಯುತ್ತಿದ್ದಳು. ಇಷ್ಟು ವರ್ಷ ಈ ಊರಿನಲ್ಲಿದ್ದೂ ಒಮ್ಮೆಯೂ ಆಡದ ಮಾತೊಂದು, ಹೇಗೆಂದು ಯೋಚಿಸುವ ಮೊದಲೇ, ನನ್ನ ಬಾಯಿಂದ ಹೊರಟಿತು.

“ಅಂಗಾ? ಒಳ್ಳೇದಾಯ್ತು ಬುಡವ್ವ. ಉಂಡ್ಯಾ?”