ನೆಲದಿಂದ ಒಂದು ಅಡಿ

ಎಣ್ಮಕಜೆಯ ಗೇರುಗುಡ್ಡೆಯ ಕೆಳಗಿರುವ ಒಂದು ಮನೆಯನ್ನು ಹೊರದೇಶದಿಂದ ಬಂದ ಸೇವಾ ತಂಡದವರು ಒಂಬತ್ತು ದಿನಗಳಲ್ಲಿ ತಮ್ಮ ಕೈಯಾರೆ ಕಟ್ಟಿದರೆಂದು ನಮ್ಮ ಇಗರ್ಜಿಯಲ್ಲಿ ಇಂದಿಗೂ ಹೇಳುತ್ತಾರೆ. ನಾನು ಅಲ್ಲಿದ್ದೆ. ಅಡಿಪಾಯವನ್ನು ಅವರು ಬರುವುದಕ್ಕೆ ಒಂದು ತಿಂಗಳ ಮೊದಲೇ ಊರಿನ ಮೇಸ್ತ್ರಿ ಹಾಕಿ ಮುಗಿಸಿದ್ದ. ಹಂಚು, ಗಾರೆ, ನೆಲದ ಕೆಲಸ ಅವರು ವಿಮಾನ ಹತ್ತಿದ ಮೇಲೆ ನಡೆಯಿತು. ಕೀಲಿಕೈ ಕೊಡುವ ಫೋಟೋ ತೆಗೆದ ದಿನ ಆ ಮನೆಗೆ ಬಾಗಿಲೇ ಇರಲಿಲ್ಲ. ನಡುವಿನ ದಿನಗಳಲ್ಲಿ ಅವರು ಸಾಲಾಗಿ ನಿಂತು ಕೆಂಪುಕಲ್ಲುಗಳನ್ನು ಕೈಯಿಂದ ಕೈಗೆ ದಾಟಿಸಿದರು, ಹಾಡಿದರು, ಗೋಡೆ ಏರಿಸಿದರು. ಸಂಜೆ ಅವರ ವ್ಯಾನು ಹೊರಟ ಕೂಡಲೇ ಮೇಸ್ತ್ರಿ ಆ ಗೋಡೆಯನ್ನು ಬಿಚ್ಚಿ, ತೂಕದ ಗುಂಡಿನ ದಾರ ಹಿಡಿದು ನೆಟ್ಟಗೆ ಮತ್ತೆ ಕಟ್ಟುತ್ತಿದ್ದ. ಅವರ ಅಂಗೈಗಳಲ್ಲಿ ಬೊಬ್ಬೆ ಎದ್ದದ್ದನ್ನು ನಾನು ಕಂಡಿದ್ದೇನೆ; ಆ ಶ್ರಮವನ್ನು ಅಲ್ಲಗಳೆಯಲಾರೆ. ಆದರೆ ಕಥೆ ಕಥೆಯೇ.

ನಾನು ಐದನೆಯ ತರಗತಿಗೆ ಶಾಲೆ ಬಿಟ್ಟ ಬಡಗಿ. ಕನ್ನಡ ಬೈಬಲನ್ನೂ ಇಂಗ್ಲಿಷ್ ಬೈಬಲನ್ನೂ ಎದುರುಬದುರು ತೆರೆದಿಟ್ಟು ಇಂಗ್ಲಿಷು ಕಲಿತವನು. ಬಾಗಿಲು ಕಿಟಕಿಗಳ ಚೌಕಟ್ಟು ಮಾಡುವುದಕ್ಕೂ ದುಭಾಷಿಯ ಕೆಲಸಕ್ಕೂ ಸೇವೆಯೆಂದು ನನ್ನನ್ನೇ ಹಚ್ಚಿದರು. ನಾನು ಬಾಯಿ ತೆರೆದರೆ ಹಳೆಯ ಪ್ರವಾದಿಯೊಬ್ಬ ಎದ್ದು ಬಂದಂತೆ ತಂಡದ ಯುವಕರು ನಗುತ್ತಿದ್ದರು.

ಆ ಮನೆ ಯಾರಿಗಾಗಿಯೋ ಆ ಹೆಂಗಸು ಗೇರುತೋಟದಲ್ಲಿ ಬೀಜ ಹೆಕ್ಕುವವಳು, ವಿಧವೆ. ಆಗ ಹದಿಮೂರು ವರ್ಷದವಳಾಗಿದ್ದ ಮಗಳು ಹುಟ್ಟಿದಾರಭ್ಯ ಚಾಪೆಯ ಮೇಲೆ ಮಲಗಿಯೇ ಇದ್ದಾಳೆ. ಮಾತಿಲ್ಲ, ಕುತ್ತಿಗೆ ನಾಲ್ಕು ಬೆರಳಿನಷ್ಟು ಏಳುತ್ತದೆ, ಅಷ್ಟೇ. ಆಗ ಅವರಿದ್ದದ್ದು ಅಡಿಪಾಯದ ಪಕ್ಕದ ಟರ್ಪಾಲಿನ ಗುಡಿಸಲಿನಲ್ಲಿ. ಮೊದಲ ದಿನ ತಂಡದ ಮುಖ್ಯಸ್ಥೆ ಒಂದು ಕಾಗದ ಹಿಡಿದು, ಮನೆಯ ನಕ್ಷೆ ಒಪ್ಪಿಗೆಯೇ ಎಂದು ನನ್ನಿಂದ ಕೇಳಿಸಿದಳು. “ಎಲ್ಲ ಒಳ್ಳೇದುಂಟು ಅಂತ ಹೇಳಿ ಅಣ್ಣ” ಎಂದಳು ತಾಯಿ. ಹಾಗೆಯೇ ಹೇಳಿದೆ. ಮುಖ್ಯಸ್ಥೆ ಕಾಗದದಲ್ಲಿ ಗುರುತು ಹಾಕಿಕೊಂಡು ಆಚೆ ಹೋದ ಮೇಲೆ ಆಕೆ ಸ್ವರ ತಗ್ಗಿಸಿದಳು.

“ಇವಳಿಗೆ ರಸ್ತೆ ಕಾಣ್ತದಾ ಅಣ್ಣ?”

“ಯಾವ ರಸ್ತೆ?”

“ಈಗ ಟರ್ಪಾಲಿನ ಸಂದಿಯಲ್ಲಿ ಕಾಣ್ತದಲ್ಲ, ಅದೇ. ನಾನು ಕೆಲಸಕ್ಕೆ ಹೋದ್ರೆ ಬರುವವರೆಗೆ ಆ ತಿರುವನ್ನೇ ನೋಡಿಕೊಂಡಿರ್ತಾಳೆ. ಅದು ಕಾಣದಿದ್ರೆ ಕೂಗಿ ಕೂಗಿ ಗಂಟಲು ಕಟ್ಟಿಕೊಳ್ತಾಳೆ.”

ಕಿಟಕಿ ಇದೆಯಲ್ಲ, ಕಾಣುತ್ತದೆ ಎಂದ ಮೇಸ್ತ್ರಿ. ನಾನು ನಂಬಲಿಲ್ಲ. ಅಳತೆಪಟ್ಟಿ ಹಿಡಿದು, ಹಾಕಿದ ಅಡಿಪಾಯದ ಮಣ್ಣಿನಲ್ಲಿಯೇ ಅಂಗಾತ ಮಲಗಿದೆ. ನಕ್ಷೆಯ ಪ್ರಕಾರ ಕಿಟಕಿಯ ಕೆಳಂಚು ನೆಲದಿಂದ ಮೂರು ಅಡಿ. ಅಲ್ಲಿಂದ ಕಾಣುವುದು ಆಕಾಶ ಮತ್ತು ಒಂದು ಗೇರುಮರದ ತಲೆ. ತಿರುವು ಕಾಣಬೇಕಾದರೆ ಒಂದೇ ಅಡಿಯಲ್ಲಿ ಕಿಟಕಿ ಆರಂಭವಾಗಬೇಕು.

ಮುಖ್ಯಸ್ಥೆಗೆ ಹೇಳಿದೆ. ನಕ್ಷೆ ತಮ್ಮ ದೇಶದಲ್ಲಿ ಸಹಿಯಾಗಿ ಬಂದದ್ದು, ಬದಲಾಯಿಸಲು ಸಮಿತಿ ಸೇರಬೇಕು, ಅಷ್ಟಕ್ಕೂ ಕುಟುಂಬವೇ ಒಪ್ಪಿದೆಯಲ್ಲ ಎಂದು ಕಾಗದದ ಗುರುತನ್ನು ತೋರಿಸಿದಳು. ಒಪ್ಪಿಗೆಯನ್ನು ಇಂಗ್ಲಿಷಿಗೆ ತಂದವನು ನಾನೇ! ಬಡವರ ಮನೆಯಲ್ಲಿ ಉಪಕಾರ ಮಾಡುವವರ ಎದುರು ಯಾರೂ ಬೇಡವೆನ್ನುವುದಿಲ್ಲ ಎಂದು ವಿವರಿಸಿದೆ. ನನ್ನ ಇಂಗ್ಲಿಷಿನಲ್ಲಿ ಅದು ಶಾಪದಂತೆ ಕೇಳಿಸಿರಬೇಕು. ಆಕೆ ನನ್ನ ಭುಜ ತಟ್ಟಿ, ಪ್ರಾರ್ಥಿಸೋಣ ಎಂದಳು.

ನಾನು ಪ್ರಾರ್ಥಿಸಿದೆ. ಆಮೇಲೆ ಮನೆಗೆ ಹೋಗಿ, ನನ್ನ ಮಂಚಕ್ಕೆಂದು ತೆಗೆದಿಟ್ಟ ಹಲಸಿನ ಮರವನ್ನು ಕೊಯ್ದೆ. ಕಿಟಕಿಗಳ ಮೇಲಂಚು ಎಲ್ಲವೂ ಏಳಡಿಗೆ ಸಮ ನಿಲ್ಲಬೇಕು, ಅದನ್ನು ಮುಟ್ಟುವಂತಿಲ್ಲ. ಹಾಗಾಗಿ ಆಗಲೇ ಮಾಡಿಟ್ಟಿದ್ದ ನಾಲ್ಕಡಿಯ ಚೌಕಟ್ಟನ್ನು ಬಿಚ್ಚಿ ಆರಡಿ ಮಾಡಿದೆ. ಮೂರನೆಯ ದಿನ ಅದನ್ನು ಜೀಪಿನಿಂದ ಇಳಿಸಿದಾಗ ಮೇಸ್ತ್ರಿ ನಕ್ಕ.

“ಇದೆಂತ ಪೊರ್ಬುಗಳೇ, ಕಿಟಕಿಯಾ ಬಾಗಿಲಾ?” ಕ್ರೈಸ್ತರನ್ನು ನಮ್ಮ ಕಡೆ ಕರೆಯುವುದು ಹಾಗೆಯೇ. “ಇಷ್ಟು ಕೆಳಗೆ ಇಟ್ರೆ ಹಾವು ಬರ್ಲಿಕ್ಕಿಲ್ವಾ?”

“ಈಗ ಟರ್ಪಾಲಿನ ಅಡಿಯಲ್ಲಿ ಹಾವಿಗೆ ಎಂತ ಗೇಟು ಉಂಟಾ ಮಾರಾಯ? ನಾನು ತಂತಿಬಲೆ ಹೊಡೆದು ಕೊಡ್ತೇನೆ. ನೀನು ಕಲ್ಲು ಇಡು.”

ಮುಖ್ಯಸ್ಥೆ ಓಡಿ ಬಂದಳು. ಮೊದಲಿನ ಚೌಕಟ್ಟು ಎಲ್ಲಿ ಎಂದಳು. ಅದು ಈಗ ಇಲ್ಲ, ಇದರಲ್ಲೇ ಸೇರಿದೆ ಎಂದೆ. ಇನ್ನೊಂದಕ್ಕೆ ಎಷ್ಟು ದಿನ? ಮರ ಸಿಕ್ಕಿದರೆ ಒಂದು ವಾರ. ಆಕೆ ಬೆರಳು ಮಡಚಿ ದಿನಗಳನ್ನು ಎಣಿಸಿದಳು, ಚಾಪೆಯ ಕಡೆ ಒಮ್ಮೆಯೂ ತಿರುಗದೆ, ಇದನ್ನೇ ಇಡಲು ಹೇಳಿದಳು. ಎರಡು ದಿನ ನಾನು ವಾದಿಸಿದ್ದಕ್ಕೆ ಬಗ್ಗದವಳು ವಿಮಾನದ ಟಿಕೇಟಿಗೆ ಬಗ್ಗಿದಳು. ಇಂದಿಗೂ ನನಗೆ ಅದು ನುಂಗಲಾಗುವುದಿಲ್ಲ.

ಆರು ತಿಂಗಳ ಬಳಿಕ ಅವರ ಪತ್ರಿಕೆ ಇಗರ್ಜಿಗೆ ಬಂತು. ಬಣ್ಣದ ಫೋಟೋದ ಕೆಳಗೆ ಹೀಗಿತ್ತು: ಸ್ಥಳೀಯ ಬಡಗಿಗೆ ನಕ್ಷೆ ಓದಲು ತಿಳಿಯದೆ ಒಂದು ಕಿಟಕಿ ತಗ್ಗಾಯಿತು, ಆದರೂ ಕುಟುಂಬ ಅದನ್ನು ನಗುಮುಖದಿಂದ ಸ್ವೀಕರಿಸಿತು. ನಾನು ನಾಲ್ಕು ಪುಟದ ಪತ್ರ ಬರೆದೆ, ಅಳತೆಗಳ ಸಮೇತ. ಉತ್ತರ ಬರಲಿಲ್ಲ. ಈಗ ನಮ್ಮವರೇ ಆ ತಗ್ಗು ಕಿಟಕಿಯ ಕಥೆಯನ್ನು ನನಗೇ ಹೇಳಿ ನಗುತ್ತಾರೆ.

ಎರಡು ವರ್ಷಕ್ಕೊಮ್ಮೆ ಅಲ್ಲಿಯ ಬಲೆಗೆ ತುಕ್ಕು ಹಿಡಿಯುತ್ತದೆ. ಬದಲಾಯಿಸಲು ಹೋಗುವುದು ನಾನೇ. ಕಳೆದ ಬಾರಿ ಹೊರಗಿನಿಂದ ಕಿಟಕಿಯೆದುರು ಕುಕ್ಕುರುಗಾಲಲ್ಲಿ ಕುಳಿತು ಮೊಳೆ ಕೀಳಲು ಆರಂಭಿಸಿದ್ದೆ. ಒಳಗೆ ಚಾಪೆಯಿಂದ ಹುಡುಗಿ ಕೂಗಿದಳು. ಮೊಳೆಯ ಸದ್ದಿಗೆ ಹೆದರಿದಳೆಂದು ಸುತ್ತಿಗೆ ಕೆಳಗಿಟ್ಟೆ. ಕೂಗು ಇನ್ನೂ ಜೋರಾಯಿತು.

ತಾಯಿ ದನದ ಹಟ್ಟಿಯಿಂದ ಓಡಿ ಬಂದು ನೋಡಿದಳು. “ಸ್ವಲ್ಪ ಆಚೆ ಕೂತ್ಕೊಳ್ಳಿ ಅಣ್ಣ” ಎಂದಳು. “ನೀವು ರಸ್ತೆಗೆ ಅಡ್ಡ ಬರ್ತೀರಿ.”

ಸರಿದು ಕುಳಿತೆ. ಕೂಗು ನಿಂತಿತು. ಉಳಿದ ಮೊಳೆಗಳನ್ನೆಲ್ಲ ಸೊಂಟ ತಿರುಚಿಕೊಂಡು ಒಂದು ಬದಿಯಿಂದಲೇ ಕಿತ್ತೆ.