ತೊಗರಿಯ ಮೇಲೆ ತಿರುಗಿದ ಕಾರು

ಕಾರಿಗೆ ಯಾರ ಕಣ್ಣೂ ತಾಗಿರಲಿಲ್ಲ, ಟೈರು ಸವೆದು ಬೋಳಾಗಿತ್ತು, ಅಷ್ಟೇ. ಚಳಿಗಾಲದ ಮುಂಜಾನೆ ಸೇಡಂ ಆಸ್ಪತ್ರೆಗೆ ಹೊರಟಿದ್ದೆವು. ನನ್ನ ಪಕ್ಕದಲ್ಲಿ ತುಂಬು ಬಸುರಿ ಮೊಮ್ಮಗಳು, ಮುಂದೆ ಕಾರು ಓಡಿಸುವ ಅವಳ ಗಂಡ. ಗಾಡಿಗಳು ತುಳಿದು ಕಾಳು ಬಿಡಿಸಲೆಂದು ರಸ್ತೆಗೆ ಹಾಸಿದ್ದ ತೊಗರಿ ಇಬ್ಬನಿಗೆ ನೆನೆದಿತ್ತು. ಅದನ್ನು ಹತ್ತಿದ ಕೂಡಲೇ ಕಾರು ಗರಗರ ತಿರುಗಿ, ಫರ್ಸಿ ಕಲ್ಲಿನ ಗಣಿಯ ಅಂಚಿಗೆ ಹೋಗಿ ನಿಂತಿತು.

ತೊಗರಿ ಕಾಯುತ್ತಿದ್ದ ಹೆಂಗಸು ಓಡಿ ಬಂದಳು. “ತಮ್ಮಾ, ತುಳೀಲಿ ಅಂತ ಹಾಕೀವಿ. ನೀ ಗಿರಗಿಟ್ಲಿ ಆಡ್ಲಿಕತ್ತೀಯಲ್ಲೋ!”

ಮೊಮ್ಮಗಳ ಗಂಡ ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದ. “ಗಾಡಿಗಿ ದಿಷ್ಟಿ ತಾಗ್ಯದ ಆಯಿ. ನಾಳಿ ಪೂಜಾ ಮಾಡಸ್ತೀನಿ.”

“ಮಾಡಸಪ್ಪಾ. ಟೈರಿನ ಮ್ಯಾಲೆ ನೊಣ ಕುಂತ್ರೂ ಜಾರಿ ಬೀಳ್ತದ, ನೀ ಸೀಟಿಗಿ ಮಖಮಲ್ ಹೊಚ್ಚೀದಿ. ಭಾಳ ಶ್ಯಾಣ್ಯಾ!” ಎಂದೆ.

ಹೊಸ ಟೈರು ಯುಗಾದಿಗೆ ನೋಡೋಣ ಎಂದ. ದೊಡ್ಡ ಮನಸ್ಸು! ನಿಧಾನವಾಗಿ ಆಸ್ಪತ್ರೆ ಮುಟ್ಟಿದೆವು. ಮಗು ಕ್ಷೇಮ, ಸ್ಕ್ಯಾನಿಂಗಿಗೆ ನಾಳೆ ಮತ್ತೆ ಬನ್ನಿ ಎಂದರು.

ಮರುದಿನ ಬೆಳಿಗ್ಗೆ ಅವನು ಪೂಜೆಯ ಸಾಮಾನು ತರಲು ಹೋದಾಗ, ನಾನು ನಾಲ್ಕೂ ಟೈರಿನ ಗಾಳಿ ಬಿಟ್ಟು, ಮೊಮ್ಮಗಳ ಕೈ ಹಿಡಿದು ಸೇಡಂ ಬಸ್ ಹತ್ತಿದೆ.