ಭಂಡಾರ ಮುಟ್ಟದ ಮುರ್ತುಜಾಸಾಬ

ಸಿಂದಗಿಯ ಬಸ್ ನಿಲ್ದಾಣದ ಎದುರಿಗಿದ್ದ ಮುರ್ತುಜಾಸಾಬನ ಅಂಗಡಿ ಎಂದರೆ ಒಂದು ತಗಡಿನ ಡಬ್ಬಿ. ಅವನೊಬ್ಬ ಒಳಗೆ ಕೂತರೆ ಗಿರಾಕಿ ಬಿಸಿಲಲ್ಲೇ ನಿಲ್ಲಬೇಕು. ಆದರೂ ಹಳೆಯ ಗ್ರಾಮಾಫೋನ್ ಹುಡುಕಿಕೊಂಡು ಮುಂಬಯಿಯಿಂದ ಬರುವ ವ್ಯಾಪಾರಿಗಳು ಮೊದಲು ಬಂದು ನಿಲ್ಲುತ್ತಿದ್ದುದು ಅಲ್ಲಿಯೇ. ಎಪ್ಪತ್ತೈದನೇ ಇಸವಿಯ ಸುಮಾರು ಅದು. ಮದುವೆ ಮನೆಗಳಿಗೆ ಧ್ವನಿವರ್ಧಕ ಬಂದು, ನಮ್ಮ ಮಂದಿ ಹಾಡುವ ಪೆಟ್ಟಿಗೆಗಳನ್ನು ಅಟ್ಟಕ್ಕೆಸೆದಿದ್ದರು. ಶಹರದ ಸಾಹುಕಾರರಿಗೆ ಅವುಗಳದೇ ಹುಚ್ಚು ಹಿಡಿದಿತ್ತು. ಹುಚ್ಚಿದ್ದಲ್ಲಿ ಮೋಸಕ್ಕೇನು ಬರ? ಹೊಸ ಹಿತ್ತಾಳೆಯಲ್ಲಿ ಕಹಳೆಯಂಥ ಭೋಂಗಾ ಬಡಿದು, ಹೊಗೆ ಹಿಡಿಸಿ, ಅಜ್ಜನ ಕಾಲದ್ದೆಂದು ಟೋಪಿ ಹಾಕುವವರು ಹುಟ್ಟಿಕೊಂಡಿದ್ದರು.

ಮುರ್ತುಜಾಸಾಬ ಭೋಂಗಾದ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಪೆಟ್ಟಿಗೆಯನ್ನು ಬಿಚ್ಚಿ ಒಳಗಿನ ಹಲಗೆ ನೋಡುತ್ತಿದ್ದ. ಹಳೆಯ ತೂತು ಮುಚ್ಚಿ ಹೊಸದು ಕೊರೆದಿದ್ದಾರೆಯೇ, ಎಣ್ಣೆಯ ಕಲೆ ಈಗಿನ ಯಂತ್ರದ ಅಳತೆಗೆ ಕೂಡುತ್ತದೆಯೇ ಎಂದು ಬೆರಳಾಡಿಸುತ್ತಿದ್ದ. ಅವನ ಬಾಯಿಂದ ‘ಅಸಲಿ’ ಎಂದು ಬಿದ್ದರೆ ವ್ಯಾಪಾರಿ ಮರುಮಾತಾಡುತ್ತಿರಲಿಲ್ಲ. “ಆ ಒಂದ ಮಾತ ನಮ್ಮ ಹೊಲ, ನಮ್ಮ ಮನಿ” ಎನ್ನುತ್ತಿದ್ದಳು ಹೆಂಡತಿ ಶಮಶಾದಬಿ.

ಸಂತೆಯ ದಿನ ಸಾಲೋಟಗಿಯ ಶೇವಂತೆವ್ವ ಕಂಬಳಿಯಲ್ಲಿ ಸುತ್ತಿದ ಪೆಟ್ಟಿಗೆ ಹೊತ್ತು ಬಸ್ಸಿಳಿದಳು. ಅವಳ ಗಂಡ ಸೋಮನಿಂಗ ಮುರ್ತುಜಾಸಾಬನ ಜೀವದ ಗೆಳೆಯ. ಆ ಪೆಟ್ಟಿಗೆಯನ್ನು ಮದುವೆಗಳಿಗೆ ಬಾಡಿಗೆ ಕೊಟ್ಟು ಬದುಕಿದವನು, ಯುಗಾದಿಯ ಮುಂಚೆ ತೀರಿಕೊಂಡಿದ್ದ. ಅಂಗಡಿಯ ಮುಂದೆ ಮುಂಬಯಿಯ ವ್ಯಾಪಾರಿಯೊಬ್ಬ ಚಹಾ ಕುಡಿಯುತ್ತ ಕೂತಿದ್ದ.

“ಅಣ್ಣಾ, ಇದನ್ನ ಮಾರಿ ಸೊಲ್ಲಾಪುರಕ್ಕ ಹೋಗ್ತೇನಿ,” ಎಂದಳು ಶೇವಂತೆವ್ವ. “ಸಾತವ್ವನ್ನ ಕರಕೊಂಡ ಬರ್ತೇನಿ. ಸಿಟ್ಟು ಎಷ್ಟ ದಿನಾ ಹಿಡೀಲಿ? ಸೀರಿ, ಕುಬಸ ಒಯ್ದು ಉಡಿ ತುಂಬಬೇಕು. ಬರಿಗೈಲೆ ಮಗಳ ಮುಂದ ಹ್ಯಾಂಗ ನಿಂದರಲಿ? ನೀ ಅಸಲಿ ಅಂತ ಒಂದ ಮಾತ ಹೇಳು.”

ಸಾತವ್ವ ಸತ್ತು ಮೂರು ವರ್ಷವಾಗಿತ್ತು.

ಬೇರೆ ಜಾತಿಯ ಗಿರಣಿ ಕೆಲಸಗಾರನನ್ನು ಕಟ್ಟಿಕೊಂಡು ಮಗಳು ಹೋದ ದಿನ ಇದೇ ಶೇವಂತೆವ್ವ ಬೀದಿಯಲ್ಲಿ ನಿಂತು, ಅಮೋಘಸಿದ್ಧನ ಭಂಡಾರ ತೂರಿ, “ನಿನ್ನ ಹೆಣಾ ಬೀಳ್ಲಿ” ಎಂದು ಶಪಿಸಿದ್ದಳು. ದೇವರ ಆ ಅರಿಶಿನ ಮುಟ್ಟಿ ಆಡಿದ ಮಾತು ಸುಳ್ಳಾಗದೆಂಬುದು ಕುರುಬರ ಮನೆತನಗಳ ನಂಬಿಕೆ. ಮರುವರ್ಷ ಮಗಳು ಬಾಣಂತಿ ಬೇನೆಯಲ್ಲಿ ಆಸ್ಪತ್ರೆ ಸೇರಿದ ಸುದ್ದಿ ಸೋಮನಿಂಗನಿಗೆ ಮಾತ್ರ ಮುಟ್ಟಿತು. ಔಷಧಕ್ಕೆ ಪೆಟ್ಟಿಗೆ ಮಾರಿದರೆ ಹೆಂಡತಿಗೆ ತಿಳಿಯುತ್ತದೆ. ಅದಕ್ಕೇ ಮುರ್ತುಜಾಸಾಬ ಅದರ ಅಸಲಿ ಯಂತ್ರವನ್ನು ಬಿಚ್ಚಿ ಗೆಳೆಯನ ಕೈಗಿತ್ತು, ಮುರಿದ ಇನ್ನೊಂದು ಪೆಟ್ಟಿಗೆಯದನ್ನು ಒಳಗೆ ಕೂಡಿಸಿದ. ಸೋಮನಿಂಗ ಆ ಅಸಲಿ ಯಂತ್ರವನ್ನು ಮಾರಿ ಸೊಲ್ಲಾಪುರಕ್ಕೆ ಓಡಿದ, ಮಗಳನ್ನೂ ಕೂಸನ್ನೂ ಅಲ್ಲೇ ಮಣ್ಣು ಮಾಡಿ ಬಂದ. “ತನ್ನ ಬಾಯಿಂದನ ಮಗಳು ಸತ್ಲು ಅಂತ ಆಕಿ ಕೊರಗಿ ಸಾಯ್ತಾಳ. ಯಾರಿಗೂ ಹೇಳಬ್ಯಾಡ,” ಎಂದು ಅತ್ತು, ಗೆಳೆಯನ ಕೈಯನ್ನು ಭಂಡಾರದ ಮೇಲಿಟ್ಟು ಆಣೆ ಹಾಕಿಸಿಕೊಂಡಿದ್ದ.

ಈಗ ಅಸಲಿ ಎಂದರೆ ವ್ಯಾಪಾರಿ ಮೋಸಹೋಗುತ್ತಾನೆ. ಅದಕ್ಕಿಂತ ಮಿಗಿಲಾಗಿ, ಈ ತಾಯಿ ಹೊಸ ಸೀರೆ ಹಿಡಿದುಕೊಂಡು ಗೋರಿಯ ಮುಂದೆ ಹೋಗಿ ನಿಲ್ಲುತ್ತಾಳೆ. ಮುರ್ತುಜಾಸಾಬ ಸುಮ್ಮನೆ ಪೆಟ್ಟಿಗೆ ಬಿಚ್ಚಿದ. ತಾನೇ ಮುಚ್ಚಿದ ತೂತುಗಳು ಅವನನ್ನೇ ನೋಡಿದವು.

“ಭೋಂಗಾ ಅಸಲಿ, ಪೆಟಿಗಿ ಅಸಲಿ,” ಎಂದ. “ಒಳಗಿನ ಯಂತ್ರ ಇದರದಲ್ಲ. ಜೋಡಿಸಿದ್ದು.”

ವ್ಯಾಪಾರಿ ಚಹಾದ ಬಟ್ಟಲಿಟ್ಟು ಎದ್ದು ಹೋದ. ಶೇವಂತೆವ್ವ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು.

“ನಿನ್ನ ಬಿಟ್ಟು ಇದಕ್ಕ ಯಾರೂ ಕೈ ಹಚ್ಚಿಲ್ಲ. ಅಸಲಿದು ಎಲ್ಲಿ ಹೋತು?”

ಅವನು ಪೆಟ್ಟಿಗೆಯ ಹಲಗೆ ಮುಚ್ಚತೊಡಗಿದ. ಅವಳು ಸೆರಗಿನ ಗಂಟು ಬಿಚ್ಚಿ ಭಂಡಾರ ಮುಂದೆ ಹಿಡಿದಳು. ಸಂತೆಯ ಜನ ಗುಂಪುಗೂಡಿದರು.

“‘ನನ್ನ ಕೈಲೆ ನಾ ಅದನ್ನ ತಗದಿಲ್ಲ’ ಅಂತ ಮುಟ್ಟಿ ಹೇಳು. ಇಲ್ಲೇ ನಿನ್ನ ಕಾಲಿಗೆ ಬೀಳ್ತೇನಿ.”

ತೆಗೆದದ್ದು ಅವನ ಕೈಯೇ. ಹಾಗೆಂದರೆ, ಯಾರಿಗೆ, ಯಾಕೆ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ಮುರ್ತುಜಾಸಾಬ ಕೈಗಳೆರಡನ್ನೂ ಹಿಂದಕ್ಕೆ ಕಟ್ಟಿಕೊಂಡ. ಗುಂಪಿಗೆ ಅಷ್ಟೇ ಸಾಕಾಯಿತು.

“ಸತ್ತ ಗೆಳೆಯಾನ ಮನಿಗೆ ಕನ್ನಾ ಹಾಕಿದಿ,” ಎಂದು ಅವಳು ಹಿಡಿ ಭಂಡಾರ ಅವನ ಮುಖಕ್ಕೆ ತೂರಿದಳು.

ಅವತ್ತಿನಿಂದ ವ್ಯಾಪಾರಿಗಳು ಅತ್ತ ಸುಳಿಯಲಿಲ್ಲ. ಮುರ್ತುಜಾಸಾಬ ಅದೇ ಡಬ್ಬಿಯಲ್ಲಿ ಛತ್ರಿ, ಕಂದೀಲು ರಿಪೇರಿ ಮಾಡುತ್ತ ಕೂತ. ‘ಒಂದು ಮಾತು ಆಡಿದ್ದರೆ’ ಎಂದು ಶಮಶಾದಬಿ ಅತ್ತಳು. ಆ ಒಂದು ಮಾತು ಅವಳಿಗೂ ಗೊತ್ತಿರಲಿಲ್ಲ. ಅವನಿಗೆ ಒಮ್ಮೊಮ್ಮೆ ಸೋಮನಿಂಗನ ಮೇಲೆ ಕೆಂಡದಂಥ ಸಿಟ್ಟು ಬರುತ್ತಿತ್ತು.

ಶೇವಂತೆವ್ವ ಮಾತ್ರ ಸಂತೆಗೆ ಬಂದಾಗೆಲ್ಲ ತಪ್ಪದೆ ಅಂಗಡಿಯ ಮುಂದೆ ನಿಲ್ಲುತ್ತಿದ್ದಳು.

“ಬರೂ ವರ್ಷ ಕುರಿಮರಿ ಮಾರಿ ಸೊಲ್ಲಾಪುರಕ್ಕ ಹೋಗಾಕಿ ನಾ,” ಎಂದಳು ಒಮ್ಮೆ. “ಸಾತವ್ವನ್ನ ತಂದು ನಿನ್ನ ಮುಂದ ನಿಂದರಸ್ತೇನಿ. ಆ ಪೆಟಿಗಿ ದನಿ ಕೇಳಿ ಬೆಳದಾಕಿ ಆಕಿ. ಆಕಿ ಮುಂದ ಏನ ಹೇಳ್ತಿ?”

ಮುರ್ತುಜಾಸಾಬ ಛತ್ರಿಯ ಕಡ್ಡಿ ಬಗ್ಗಿಸುತ್ತಲೇ ಇದ್ದ.

“ಕರಕೊಂಡ ಬಾ, ಯವ್ವಾ,” ಎಂದ. “ಆಕಿ ಬಂದ ದಿನಾ ಭಂಡಾರ ಮುಟ್ಟತೇನಿ.”